ಯತ್ತಪ್ಪನ ಒಂಬೈನೂರ ನಲವತ್ತು ಕುರಿ

"ಲೇ ಜುಂಜೇಶ, ಒಂಬತ್ತನೇ ಕ್ಲಾಸಿಗೆ ಇಸ್ಕೂಲು ಬಿಟ್ಟೋನು ನೀನು. ನಮ್ಮ ಸಂಘಕ್ಕೆ ಆಪ್ ಮಾಡಿಕೊಡ್ತೀಯ? ಮೊದ್ಲು ಮನೆಗೆ ಹೋಗಿ ನಿಮ್ಮಪ್ಪನ ಕುರಿ ಎಷ್ಟವೆ ಅಂತ ಎಣಿಸ್ಕಂಡು ಬಾ. ಆಮ್ಯಾಲೆ ಮಾತಾಡಾಣ."

ಆದಿವಾಲದ ಕುರಿ ಸಾಕಾಣಿಕೆದಾರರ ಸಂಘದ ಕಾರ್ಯದರ್ಶಿ ಹನುಮೇಶ್ ಈ ಮಾತನ್ನು ಮೈಕಿನಲ್ಲಿ ಹೇಳಿದ. ಸಭೆಯ ಹಾಲಿನಲ್ಲಿ ಇದ್ದದ್ದು ಅರವತ್ತು ಜನ, ಮೈಕು ಬೇಕಿರಲಿಲ್ಲ. ಆದರೆ ಕೈಯಲ್ಲಿ ಮೈಕು ಇದ್ದಾಗ ಮೆತ್ತಗೆ ಬೈಯುವ ಅಭ್ಯಾಸ ಹನುಮೇಶನಿಗೆ ಹುಟ್ಟಿನಿಂದ ಇಲ್ಲ. ಮೊದಲು ನಕ್ಕವನು ಎರಡನೇ ಸಾಲಿನ ಕರಿಯಣ್ಣ. ಅವನು ನಕ್ಕ ಮೇಲೆ ಉಳಿದವರಿಗೆ ಧೈರ್ಯ ಬಂತು.

ಹೊರಗಿನವರಿಗೆ ಇದರಲ್ಲಿ ಅಂಥಾ ಬೈಗುಳ ಏನಿದೆ ಅನ್ನಿಸಬಹುದು. ಸ್ಕೂಲು ಬಿಟ್ಟಿದ್ದು ಬೈಗುಳವಲ್ಲ. ಆ ಹಾಲಿನಲ್ಲಿ ಸ್ಕೂಲು ಮುಗಿಸಿದ್ದವರು ಕುರ್ಚಿ ಮೇಲೆ ಕೂತಿದ್ದ ಮೂವರೇ. ಬೈಗುಳ ಇದ್ದದ್ದು ಎಣಿಸೋದರಲ್ಲಿ. ಕುರಿಯವರು ಕುರಿ ಎಣಿಸುವುದಿಲ್ಲ. ಎಣಿಸಿದರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಕಣ್ಣು ತಗಲುತ್ತದೆ, ಮರುದಿನದಿಂದ ಒಂದೊಂದೇ ಕಮ್ಮಿಯಾಗುತ್ತಾ ಬರುತ್ತವೆ. "ಎಷ್ಟವೆ ನಿಮ್ಮವು?" ಅಂತ ಯಾರಾದರೂ ಕೇಳಿದರೆ "ಅವೆ ಒಂದಿಷ್ಟು" ಅನ್ನಬೇಕು. ಐವತ್ತು ಇದ್ದವನೂ ಅದನ್ನೇ ಅನ್ನುತ್ತಾನೆ, ಐನೂರು ಇದ್ದವನೂ ಅದನ್ನೇ. ಅಂಥ ಜನರ ನಡುವೆ, ಅಪ್ಪನ ಎದುರಿಗೇ, ಹೋಗಿ ಎಣಿಸಿಕೊಂಡು ಬಾ ಅನ್ನುವುದೆಂದರೆ ನಿನ್ನ ಮನೆಯಲ್ಲಿ ಎಣಿಸಿ ಮುಗಿಸುವಷ್ಟೇ ಇರೋದು ಅಂತ ಊರಿಗೆಲ್ಲ ಸಾರಿದ ಹಾಗೆ.

ಅಪ್ಪ ಯತ್ತಪ್ಪ ಮೂರನೇ ಸಾಲಿನ ತುದಿಯಲ್ಲಿ ಕೂತಿದ್ದ. ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. ಒರೆಸಿಯಾದ ಮೇಲೂ ಟವೆಲ್ಲು ಮುಖದಿಂದ ಇಳಿಯಲಿಲ್ಲ.

ಇದಕ್ಕೆಲ್ಲ ಕಾರಣ ಕುರಿಗಳಿಗೆ ಹಾಕುವ ಸೂಜಿ. ವರ್ಷಕ್ಕೆರಡು ಸಲ ಸಂಘದ ಬಯಲಿನಲ್ಲಿ ಕರುಳುಬೇನೆಗೆ ಲಸಿಕೆ ಹಾಕುತ್ತಾರೆ. ಎಷ್ಟು ಔಷಧಿ ತರಬೇಕು ಅಂತ ಪಶು ವೈದ್ಯೆ ಶಾಲಿನಿ ಮೇಡಂ ಕೇಳಿದರೆ ಒಬ್ಬೊಬ್ಬರೂ "ತರ್ರಿ ಒಂದಿಷ್ಟು" ಅನ್ನುತ್ತಾರೆ. ಅವರು ಒಂದಿಷ್ಟು ತರುತ್ತಾರೆ. ಅದು ಮಧ್ಯಾಹ್ನಕ್ಕೆ ಮುಗಿದುಹೋಗುತ್ತದೆ. ಬೆಳಗ್ಗೆಯಿಂದ ಬಿಸಿಲಲ್ಲಿ ನಿಂತವರು ಕುರಿ ಹೊಡೆದುಕೊಂಡು, ಮೇಡಮ್ಮನ್ನು ಬೈದುಕೊಂಡು ವಾಪಸ್ಸು ಹೋಗುತ್ತಾರೆ. ಸಾಕಾಗಿಹೋದ ಮೇಡಂ ಈ ಸಲ, ಫೋನಿನಲ್ಲೇ ಮೊದಲು ಟೋಕನ್ ತೆಗೆದುಕೊಳ್ಳುವ ಒಂದು ಆಪ್ ಮಾಡಿಸಿರಿ ಅಂದಿದ್ದರು.

ಹನುಮೇಶ್ ಅದಕ್ಕಾಗಿ ಹಿರೇಗುಂಟನೂರಿನ ಪ್ರದೀಪನನ್ನು ಕರೆತಂದಿದ್ದ. ಇಂಜಿನಿಯರು, ದುರ್ಗದಲ್ಲಿ ಆಫೀಸು, ಧೂಳು ಕಾಣದ ಬೂಟು. ಅವನು ಗೋಡೆ ಮೇಲೆ ಬೆಳಕು ಬಿಟ್ಟು ಇಪ್ಪತ್ತೆರಡು ಪಟ ತೋರಿಸಿ ಲೀನ್ ಎಂಬ ಪದ್ಧತಿಯನ್ನು ವಿವರಿಸಿದ. ಜಪಾನಿನ ಕಾರು ಕಾರ್ಖಾನೆಗಳಿಂದ ಬಂದದ್ದಂತೆ. ಬೇಡದ್ದನ್ನು ಮಾಡಲೇಬಾರದಂತೆ. ವೇಸ್ಟು ಎಲ್ಲಿದೆ ಅಂತ ಹುಡುಕಿ ಹುಡುಕಿ ಕಡಿಯಬೇಕಂತೆ, ಕಡಿದು ಉಳಿದದ್ದೇ ಆಪಂತೆ. ಸಭೆ ತಲೆದೂಗಿತು. ಆಗ ಎದ್ದು ನಿಂತವನು ನಮ್ಮ ಜುಂಜೇಶ. ಹಿರಿಯೂರು ಬಸ್‌ಸ್ಟ್ಯಾಂಡ್ ಪಕ್ಕ ಮೊಬೈಲು ರಿಪೇರಿ ಅಂಗಡಿ ಇಟ್ಟವನು. ಮೂರು ವರ್ಷದಿಂದ ಒಂದು ಹಳೇ ಲ್ಯಾಪ್‌ಟಾಪಿನಲ್ಲಿ, ವಿಡಿಯೋ ನೋಡಿ ನೋಡಿ, ಆಪ್ ಮಾಡುವುದನ್ನು ಕಲಿತವನು.

"ಸರ್, ಇಪ್ಪತ್ತೆರಡು ಪಟದಾಗೆ ಒಂದೂ ಕುರಿ ಇಲ್ವಲ್ಲ," ಅಂದ. "ನಾನು ಮಾಡಿ ತೋರಿಸ್ತೀನಿ."

ಅದಕ್ಕೇ ಆ ಬೈಗುಳ.

ನಗು ನಿಂತ ಮೇಲೆ ಶಾಲಿನಿ ಮೇಡಂ ಹೇಳಿದರು, "ಇಬ್ಬರೂ ಮಾಡಲಿ. ಮುಂದಿನ ವಾರ ಶನಿವಾರ ಲಸಿಕೆ ಇದೆ. ಎಷ್ಟು ಡೋಸು ತರಬೇಕು ಅಂತ ಯಾರ ಆಪು ನನಗೆ ಹೇಳುತ್ತೋ ಅದೇ ಇರಲಿ. ಲೀನೋ ಇನ್ನೊಂದೋ, ನನಗೆ ಮಧ್ಯಾಹ್ನ ಬೈಗುಳ ತಪ್ಪಿದರೆ ಸಾಕು."

ಬೈಕಿನಲ್ಲಿ ಮನೆಗೆ ಹೋಗುವಾಗ ಹಿಂದೆ ಕೂತಿದ್ದ ಯತ್ತಪ್ಪ ಎರಡು ಮೈಲಿ ಆದ ಮೇಲೆ ಮುಂದಕ್ಕೆ ಬಾಗಿದ. ಮಗನ ಕಿವಿಗೆ ಬಾಯಿಟ್ಟು ಹೇಳಿದ.

"ಆ ಶನಿವಾರ ಆದ್ಮ್ಯಾಲೆ ಭಾನುವಾರ ಅಮಾಸೆ. ನಿಂದು ಗೆದ್ರೆ ಗೆಲ್ತು. ಇಲ್ಲಾಂದ್ರೆ ಅಂಗಡಿ ಮುಚ್ಚಿ, ಸೋಮವಾರ ಕುರಿ ಹಿಂದೆ ಹೊಳಲ್ಕೆರೆ ಕಡೆ ಹೊಂಡು. ಆರು ತಿಂಗಳು. ಫೋನಿಲ್ಲ."

"ಫೋನ್ ಯಾಕಪ್ಪ ಇಲ್ಲ?"

"ಕುರಿಗ್ಯಾಕೆ ಫೋನು."

ಜುಂಜೇಶ ಹಲ್ಲು ಕಚ್ಚಿಕೊಂಡು ಗೇರು ಬದಲಾಯಿಸಿದ. ಅವತ್ತೇ ಪಣ ತೊಟ್ಟ. ಆಪು ಮಾಡೇ ತೀರುವುದು, ಅದೂ ಲೀನ್ ಪದ್ಧತಿಯೊಂದನ್ನು ಬಿಟ್ಟು. ಬೇರೆ ಪದ್ಧತಿ ಯಾವುದಿದೆ ಅಂತ ಅವನು ಹುಡುಕಿದ್ದು ಅದಾದ ಮೇಲೆ. ಅಂಗಡಿಯ ಸ್ಟೂಲಿನ ಮೇಲೆ ಕೂತು ಐದು ವಿಡಿಯೋ ನೋಡಿದ. ಪ್ರೊಟೊಟೈಪ್ ಅಂತ ಸಿಕ್ಕಿತು. ಮೊದಲು ಒಂದು ಸುಳ್ಳು ಆಪ್ ಮಾಡುವುದು, ಒಳಗೆ ಏನೂ ಇರುವುದಿಲ್ಲ, ಹೊರಗೆ ಮಾತ್ರ ನಿಜದಂತೆ ಕಾಣುತ್ತದೆ. ಜನರ ಕೈಗೆ ಕೊಟ್ಟು, ಅವರು ಏನಂತಾರೆ ಕೇಳಿ, ಒಡೆದು ಮತ್ತೆ ಕಟ್ಟುವುದು. ಇದು ಅವನಿಗೆ ಒಪ್ಪಿಗೆಯಾಯಿತು. ಅವನ ಜನ ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವವರು. ಎಷ್ಟರಮಟ್ಟಿಗೆ ನಂಬುತ್ತಾರೆ ಅನ್ನುವುದನ್ನು ಅವನು ಆಗ ಯೋಚಿಸಲಿಲ್ಲ.

ಮೂರು ದಿನದಲ್ಲಿ ಸುಳ್ಳು ಆಪು ಸಿದ್ಧವಾಯಿತು. ಹಸಿರು ಬಣ್ಣ, ಮೇಲೆ ಒಂದು ಟಗರಿನ ಚಿತ್ರ. ತೆರೆದರೆ ಒಂದು ಪಟ್ಟಿ: ಹೆಸರು, ಕುರಿ ಸಂಖ್ಯೆ, ಸೂಜಿಯ ದಿನ. ಪಟ್ಟಿ ಖಾಲಿ ಇದ್ದರೆ ಚಂದ ಕಾಣುವುದಿಲ್ಲ, ಏನಾದರೂ ತುಂಬಿಸಿ ಅಂತ ವಿಡಿಯೋದವನು ಹೇಳಿದ್ದ. ಜುಂಜೇಶ ತುಂಬಿಸಿದ. ಕರಿಯಣ್ಣ, ನಾನೂರ ಹನ್ನೆರಡು. ಹನುಮೇಶ್ ಅಂತ ಟೈಪು ಮಾಡುವಾಗ ಕೈ ನಿಂತಿತು, ಮೈಕು ನೆನಪಾಯಿತು. ಮೂರು ಅಂತ ಹಾಕಿದ. ಯತ್ತಪ್ಪ ಅನ್ನುವಾಗ ಅಪ್ಪನ ಟವೆಲ್ಲು ನೆನಪಾಯಿತು. ಒಂಬೈನೂರ ನಲವತ್ತು ಅಂತ ಹಾಕಿದ. ದಿನ ಎಲ್ಲರಿಗೂ ಒಂದೇ: ಸೋಮವಾರ, ಬೆಳಗ್ಗೆ ಹತ್ತು ಗಂಟೆ, ಸಂಘದ ಬಯಲು. ಕೊನೆಗೆ ಕೆಳಗಡೆ ಸಣ್ಣ ಅಕ್ಷರದಲ್ಲಿ 'ಇದು ಬರೀ ಮಾದರಿ' ಅಂತ ಬರೆದ. ಆ ಸಾಲು ಅವನ ಫೋನಿನಲ್ಲಿ ಕಾಣುತ್ತಿತ್ತು. ಸಂಘದವರ ಫೋನುಗಳು ಸಣ್ಣವು.

ಶುಕ್ರವಾರ ಸಂಜೆ ಸಂಘದ ವಾಟ್ಸಾಪ್ ಗುಂಪಿಗೆ ಲಿಂಕು ಹಾಕಿ, "ನೋಡಿ ಹೇಳ್ರಿ" ಅಂತ ಬರೆದ.

ಶನಿವಾರ ಹೊತ್ತು ಹುಟ್ಟುವ ಮುಂಚೆ ಕರಿಯಣ್ಣ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಯಾರು ಹೇಳಿದ್ದು ನಿನಗೆ?"

"ಏನು ಮಾವ?"

"ನಾನೂರ ಹನ್ನೆರಡು ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಮಾವ. ಸುಮ್ನೆ ಸುಳ್ಳು ಬರ್ದೆ."

"ಸುಳ್ಳು ಬರ್ದಿದ್ರೆ ಸರಿಯಾಗಿ ಹೆಂಗೆ ಬಂತಲೇ?"

ಹೇಳಿದ ಮೇಲೆ ಕರಿಯಣ್ಣ ನಾಲಿಗೆ ಕಚ್ಚಿಕೊಂಡ. ಅತ್ತಿತ್ತ ನೋಡಿದ. ಎದುರುಮನೆಯ ಓಬಮ್ಮ ಅಂಗಳಕ್ಕೆ ನೀರು ಹಾಕುತ್ತಿದ್ದವಳು ತಂಬಿಗೆ ಎತ್ತಿದ್ದು ಎತ್ತಿದ ಹಾಗೇ ನಿಂತಿದ್ದಳು. ಕರಿಯಣ್ಣನ ಇಪ್ಪತ್ತು ವರ್ಷದ "ಒಂದಿಷ್ಟು" ಆ ತಂಬಿಗೆಯಷ್ಟು ಹೊತ್ತಿನಲ್ಲಿ ಮುಗಿದುಹೋಯಿತು. ಅವನು ಕೋಲನ್ನು ಒಂದು ಸಲ ನೆಲಕ್ಕೆ ಕುಟ್ಟಿ, "ಒಂದು ಮರಿ ಸತ್ರೂ ನಿನ್ನ ಮನೆ ಮುಂದೆ ತಂದು ಹಾಕ್ತೀನಿ," ಅಂದು ಹೊರಟುಹೋದ.

ಒಳಗೆ ಅಜ್ಜಿ ಕೆಂಚಕ್ಕ ಮೆಣಸಿನಕಾಯಿ, ಉಪ್ಪು ಹಿಡಿದು ಕಾಯುತ್ತಿದ್ದಳು. ಮೊದಲು ಕುರಿ ಕೂಡುವ ರೊಪ್ಪಕ್ಕೆ ಹೋಗಿ ಅವಕ್ಕೆ ನಿವಾಳಿಸಿದಳು. ವಾಪಸ್ಸು ಬಂದು ಲ್ಯಾಪ್‌ಟಾಪಿಗೆ ನಿವಾಳಿಸಿದಳು. ಒಲೆಗೆ ಹಾಕಿದರೆ ಮೆಣಸಿನಕಾಯಿ ಘಾಟು ಬರಲಿಲ್ಲ.

"ನೋಡು, ಘಾಟೇ ಇಲ್ಲ. ಎಲ್ಲಾ ಕಣ್ಣು ಇದಕ್ಕೇ ತಗಲೈತೆ," ಅಂದಳು. "ನಮ್ಮವು ಎಷ್ಟಂತ ಬರ್ದೀಯೋ?"

"ಒಂಬೈನೂರ ನಲವತ್ತು."

ಕೆಂಚಕ್ಕನ ಮುಖ ಒಂದು ಕ್ಷಣ ಅರಳಿತು. ಆಮೇಲೆ ಭಯವಾಯಿತು.

"ಅಷ್ಟಿಲ್ಲ ಅಂತ ಹೇಳ್ರಿ ಎಲ್ಲರಿಗೂ," ಅಂದ ಜುಂಜೇಶ.

"ಅಷ್ಟಿಲ್ಲ ಅಂದ್ರೆ, ಮತ್ತೆಷ್ಟವೆ ಅಂತಾರೆ. ಅದನ್ನ ಯಾರು ಹೇಳ್ತಾರೆ, ನೀನು ಹೇಳ್ತೀಯ?"

ಜುಂಜೇಶ ಲ್ಯಾಪ್‌ಟಾಪಿನ ಮೇಲೆ ಬಿದ್ದ ಉಪ್ಪು ಒರೆಸಿದ. ವಿಡಿಯೋದವನು ಇದನ್ನು ಹೇಳಿಕೊಟ್ಟಿರಲಿಲ್ಲ.

ಹನುಮೇಶನ ಕಷ್ಟ ಇದಕ್ಕಿಂತ ದೊಡ್ಡದು. ಕುರಿ ಇಲ್ಲದವನಿಗೆ ಸಂಘದಲ್ಲಿ ಹುದ್ದೆ ಇಲ್ಲ ಅಂತ ನಿಯಮ. ಕಾರ್ಯದರ್ಶಿಯ ಮನೆಯಲ್ಲಿ ಕುರಿ ಕಂಡವರು ಯಾರೂ ಇಲ್ಲ, ಆದರೆ ಕೇಳಿದವರೂ ಯಾರೂ ಇರಲಿಲ್ಲ. ಈಗ ಬೆಳಗಿನಿಂದ ಫೋನ್ ಮೇಲೆ ಫೋನು. "ಸೆಕ್ರೆಟ್ರಿ, ಮೂರು ಅವೆ ಅಂತಲ್ಲ, ಎಲ್ಲಿ ಕಟ್ಟೀರಿ?" ಅಂತ ಒಬ್ಬ. "ಅವುನ್ನೂ ಸೂಜಿಗೆ ಹೊಡ್ಕಂಡು ಬರ್ರಿ, ನೋಡಾಣ," ಅಂತ ಇನ್ನೊಬ್ಬ. ಮೂರಲ್ಲ, ಜಾಸ್ತಿ ಅನ್ನಬೇಕಾದರೆ ಎಷ್ಟು ಅಂತ ಹೇಳಬೇಕು. ಮೂರೂ ಇಲ್ಲ ಅಂದರೆ ಕುರ್ಚಿ ಹೋಗುತ್ತದೆ. ಮೈಕಿಲ್ಲದ ಹನುಮೇಶ ಅವತ್ತು ಮಧ್ಯಾಹ್ನದ ಹೊತ್ತಿಗೆ ಫೋನು ಸ್ವಿಚ್ ಆಫ್ ಮಾಡಿ, ಎಲ್ಲಾದರೂ ಮೂರು ಕುರಿ ಸಿಗುತ್ತವಾ ಅಂತ ಸಂತೆಯ ದಾರಿ ಹಿಡಿದ.

ಒಂಬೈನೂರ ನಲವತ್ತರ ಸುದ್ದಿ ಕೇಳಿ ಭಾನುವಾರ ಬಂದವನು ಶ್ರೀರಾಂಪುರದ ಹನುಮಂತಪ್ಪ. ಬಿಳಿ ಪಂಚೆ, ಎರಡು ಗೊನೆ ಬಾಳೆಹಣ್ಣು, ಜೊತೆಗೆ ಇಬ್ಬರು ಹಿರಿಯರು. ಹೋದ ವರ್ಷ ಇದೇ ಹನುಮಂತಪ್ಪನ ಮಗಳು ಕೀರ್ತನಾಳನ್ನು ಜುಂಜೇಶನಿಗೆ ಕೇಳಿದ್ದಾಗ, ಹುಡುಗ ಓದಿಲ್ಲ ಅಂತ ಚಾವಡಿಯಿಂದಲೇ ಕಳಿಸಿಬಿಟ್ಟಿದ್ದ. ಈಗ ತಾನೇ ಬಂದು ಕಂಬಳಿ ಮೇಲೆ ಕೂತು, "ಓದು ಏನು ಬಿಡ್ರಿ, ಓದಿದೋರು ಮಾಡಿದ್ದು ಕಂಡೀವಿ," ಅನ್ನುತ್ತಿದ್ದ.

"ರೊಪ್ಪ ನೋಡಬೌದಾ?"

ಯತ್ತಪ್ಪ ಟವೆಲ್ಲು ಹೆಗಲ ಮೇಲೆ ಸರಿಮಾಡಿಕೊಂಡು ಎದ್ದ. ಎಲ್ಲರೂ ರೊಪ್ಪದ ಬೇಲಿಗೆ ಕೈಯಿಟ್ಟು ನಿಂತರು. ಒಳಗೆ ಕುರಿಗಳಿದ್ದವು. ಒಂದಿಷ್ಟು.

"ಉಳಿದವು ಮೇಯಾಕೆ ಹೋಗ್ಯಾವೆ ಅನ್ರಿ," ಅಂದ ಹನುಮಂತಪ್ಪ.

ಯತ್ತಪ್ಪ ಕೆಮ್ಮಿದ.

ಜುಂಜೇಶನಿಗೆ ತಡೆಯಲಾಗಲಿಲ್ಲ. ಗೆಲ್ಲಬೇಕು ಅಂತ ಹಟ ಇತ್ತು ನಿಜ, ಸುಳ್ಳು ಹೇಳಿ ಹೆಣ್ಣು ತರಬೇಕು ಅಂತ ಇರಲಿಲ್ಲ. "ಯಜಮಾನ್ರೇ, ಅದು ನಿಜವಾದ ಲೆಕ್ಕ ಅಲ್ಲ. ಪ್ರೊಟೊಟೈಪು. ಬಾಯಿಗೆ ಬಂದಿದ್ದು ಬರ್ದೀನಿ. ನಮ್ಮವು ಅಷ್ಟಿಲ್ಲ."

ಹನುಮಂತಪ್ಪ ಹಿರಿಯರ ಕಡೆ ತಿರುಗಿದ. "ಕೇಳಿದ್ರಾ. ದೊಡ್ಡ ಮನೆತನ ಅಂದ್ರೆ ಇದು. ಊರಿಗೆಲ್ಲ ಗೊತ್ತಾದ್ರೂ ಇಲ್ಲ ಅಂತಾರೆ."

"ನಿಜವಾಗ್ಲೂ ಇಲ್ಲ ಯಜಮಾನ್ರೇ."

"ನೋಡ್ರಿ, ಎರಡನೇ ಸಲಾನೂ ಇಲ್ಲ ಅಂದ," ಅಂದ ಹನುಮಂತಪ್ಪ, ಗೌರವದಿಂದ. ಹೊರಡುವಾಗ ಎರಡನೇ ಗೊನೆಯನ್ನೂ ಬಿಟ್ಟುಹೋದ. ಮೊದಲು ಅದನ್ನು ವಾಪಸ್ಸು ತಗೊಂಡು ಹೋಗುವ ಯೋಚನೆ ಇತ್ತಂತೆ.

ಇದೆಲ್ಲ ಆದ ಮೇಲೂ ಜುಂಜೇಶ ಆ ಪಟ್ಟಿಯ ಮೂರನೇ ಕಾಲಂ ಅನ್ನು ಮರೆತೇಬಿಟ್ಟಿದ್ದ. ಅದು ಸೋಮವಾರ ಹತ್ತು ಗಂಟೆಗೆ ತಾನೇ ನೆನಪು ಮಾಡಿತು.

ಒಂಬತ್ತೂವರೆಗೆ ಸಂಘದ ಬಯಲು ತುಂಬಿತ್ತು. ಹತ್ತಕ್ಕೆ ಬಯಲು ಸಾಲದೆ ರಸ್ತೆ ತುಂಬಿತು. ಸುತ್ತ ಹಟ್ಟಿಗಳ ಕುರಿಯೆಲ್ಲ, ಈ ಸಲ ಔಷಧಿ ಮುಗಿಯುವ ಮುಂಚೆ ಹೋಗೋಣ ಅಂತ, ಒಟ್ಟಿಗೆ ಬಂದಿದ್ದವು. ಹಿರಿಯೂರಿನ ಬಸ್ಸು ಒಂದು ನಡುವೆ ಸಿಕ್ಕಿಕೊಂಡು, ನೆರೆ ಬಂದ ಹೊಳೆಯಲ್ಲಿ ಕಲ್ಲು ನಿಂತಂತೆ ನಿಂತಿತ್ತು. ಕಂಡಕ್ಟರು ಫುಟ್‌ಬೋರ್ಡಿನ ಮೇಲೆ ಕೂತು ಬೀಡಿ ಹಚ್ಚಿ, ಇದು ಸಾಯಂಕಾಲದ ಮಾತು ಅಂತ ಡ್ರೈವರಿಗೆ ಹೇಳಿದ. ಕಿಟಕಿಯಿಂದ ಒಬ್ಬ ಬಿಳಿ ಪಂಚೆಯವರು ತಲೆ ಹಾಕಿ, "ಇಷ್ಟೂ ಯಾರವು?" ಅಂತ ಕೇಳಿದರು. ಕೆಳಗಿದ್ದ ಯಾರೋ, "ಯತ್ತಪ್ಪನ ಮಗ ಕರೆಸಿದ್ದು," ಅಂದರು. ಹಿರಿಯೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದು ಆ ಬಸ್ಸಿನಲ್ಲಿ ಊರಿಗೆ ಹೊರಟಿದ್ದ ಹನುಮಂತಪ್ಪನಿಗೆ ಇನ್ನು ಯಾವ ಸಾಕ್ಷಿಯೂ ಬೇಕಾಗಲಿಲ್ಲ.

ಅಂಗಡಿಯಿಂದ ಓಡಿಬಂದ ಜುಂಜೇಶನನ್ನು ಯತ್ತಪ್ಪ ಬಯಲಿನ ಅಂಚಿನಲ್ಲೇ ಹಿಡಿದ. ಬೈಯಲಿಲ್ಲ. ಕೈ ಚಾಚಿದ.

"ಬೀಗದ ಕೈ."

ಜುಂಜೇಶ ಜೇಬಿನಿಂದ ಅಂಗಡಿ ಬೀಗದ ಕೈ ತೆಗೆದು ಕೊಟ್ಟ. ಯತ್ತಪ್ಪ ಅದನ್ನು ಪಂಚೆಯ ತುದಿಗೆ ಗಂಟು ಹಾಕಿಕೊಂಡ. ಆ ಗಂಟು ನೋಡಿದಾಗ ಜುಂಜೇಶನಿಗೆ ಹೊಳಲ್ಕೆರೆ ಕಡೆಯ ಆರು ತಿಂಗಳು ಕಣ್ಣೆದುರು ಬಂದವು. ಓಡಿಹೋಗಬಹುದಿತ್ತು, ಹಿಂದೆ ರಸ್ತೆ ಇತ್ತು, ಬಸ್ಸು ಇತ್ತು. ಬಸ್ಸು ಹೋಗುವ ಹಾಗಿರಲಿಲ್ಲ, ಅದು ಬೇರೆ ಮಾತು. ಅವನು ಬಯಲಿನ ಒಳಕ್ಕೇ ನಡೆದ.

ಶಾಲಿನಿ ಮೇಡಂ ಅವರ ಜೀಪು ಅಷ್ಟರಲ್ಲಿ ಬಂತು. ಹನುಮೇಶ ಮುಂದೆ ಓಡಿ, ಬೆರಳು ತೋರಿಸಿ, "ಇವನೇ ಮೇಡಂ, ಇವನೇ," ಅಂದ. ಅವನ ಹಿಂದೆ ಹಗ್ಗಕ್ಕೆ ಕಟ್ಟಿದ ಮೂರು ಕುರಿಗಳಿದ್ದವು. ಅವುಗಳಲ್ಲಿ ಎರಡು ಕುರಿಯಲ್ಲ, ಮೇಕೆ. ಸಂತೆಯಲ್ಲಿ ಆತುರಕ್ಕೆ ಸಿಕ್ಕಿದ್ದು ಅಷ್ಟೇ.

"ನನ್ನ ಹತ್ರ ಇವತ್ತು ಒಂದು ಡೋಸೂ ಇಲ್ಲ," ಅಂದರು ಮೇಡಂ. "ಯಾರಪ್ಪ ಸೋಮವಾರ ಅಂದಿದ್ದು?"

"ನಾನು ಮೇಡಂ," ಅಂದ ಜುಂಜೇಶ. ಪಕ್ಕದ ಕಟ್ಟೆ ಹತ್ತಿ ನಿಂತು ಕೂಗಿದ, "ತಪ್ಪು ನಂದು. ಅದು ಮಾದರಿ ಪಟ್ಟಿ. ಸೂಜಿ ಇವತ್ತಿಲ್ಲ, ಶನಿವಾರನೇ. ಆದ್ರೆ ಹೆಂಗೂ ಬಂದೀರಿ. ಎಷ್ಟೆಷ್ಟವೆ ಅಂತ ಒಂದೊಂದು ಮಾತು ಹೇಳಿಬಿಟ್ರೆ, ಶನಿವಾರ ಯಾರೂ ಬರಿಗೈಲಿ ಹೋಗಾಂಗಿಲ್ಲ."

"ಅವೆ ಒಂದಿಷ್ಟು," ಅಂದರು ನಲವತ್ತು ಜನ, ಒಟ್ಟಿಗೆ.

ಕಟ್ಟೆಯ ಕೆಳಗೆ ಪ್ರದೀಪ್ ನಿಂತಿದ್ದ. ಬೂಟಿನ ಮೇಲೆ ಇವತ್ತು ಬೂಟು ಕಾಣದಷ್ಟು ಧೂಳು. ಅವನ ಕಥೆಯೂ ಬೇರೆ ಅಲ್ಲ. ಲೀನ್ ಪದ್ಧತಿಯಂತೆ ಅವನು ಸಂಘದ ಒಬ್ಬೊಬ್ಬರನ್ನೂ ಕೂರಿಸಿಕೊಂಡು, ನಿಮಗೆ ಯಾವುದು ಬೇಡ ಅಂತ ಕೇಳಿದ್ದ. ಹೆಸರು ಬೇಡ, ನಮ್ಮನ್ನ ಎಲ್ಲರೂ ಬಲ್ಲರು ಅಂದರು, ಕಡಿದ. ಊರು ಬೇಡ ಅಂದರು, ಕಡಿದ. ದಿನ ಹೆಂಗೂ ಡಂಗುರ ಹೊಡೀತಾರೆ ಅಂದರು. ಕುರಿ ಸಂಖ್ಯೆ ಅಂದಾಗ ಎಲ್ಲರೂ ಎದ್ದೇ ಹೋದರು. ಕೊನೆಗೆ ಅವನ ಆಪಿನಲ್ಲಿ ಉಳಿದದ್ದು ಒಂದು ಗುಂಡಗಿನ ಬಟನ್ನು. ಒತ್ತಿದರೆ 'ಧನ್ಯವಾದಗಳು' ಅನ್ನುತ್ತಿತ್ತು. ತುಂಬ ಚೊಕ್ಕವಾಗಿತ್ತು.

"ಬ್ರದರ್," ಅಂದ ಪ್ರದೀಪ್ ಮೆಲ್ಲಗೆ, ಕಟ್ಟೆಯ ಕಡೆ ಮುಖ ಎತ್ತಿ. "ನಾನು ಎಲ್ಲ ಕಡಿದೆ. ಆ ನಂಬರ್ ಕಾಲಂ ಜಾಗಕ್ಕೆ ಏನು ಇಡಬೇಕು ಅಂತ ಮಾತ್ರ ಗೊತ್ತಾಗ್ತಿಲ್ಲ."

ಜುಂಜೇಶನಿಗೆ ಬೂಟಿನವರ ಮೇಲಿದ್ದ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೆ ಕಿವಿ ಕೇಳಿಸಿಕೊಂಡಿತು.

ಆ ಹೊತ್ತಿಗೆ ಬಯಲ ಪಕ್ಕದ ಹೊಲದವಳು ಗಿರಿಯಮ್ಮ ಬೇಲಿಯ ಆಚೆಯಿಂದ ಕೂಗಿದಳು. ಇಷ್ಟು ಮಂದೆ ಒಟ್ಟಿಗೆ ಕಂಡು ಅವಳಿಗೆ ಗೊಬ್ಬರದ ಆಸೆ ಹುಟ್ಟಿತ್ತು. "ಕರಿಯಣ್ಣ, ಬಿತ್ತನೆ ಮುಂಚೆ ನಿನ್ನ ಮಂದೆನ ನಮ್ಮ ಹೊಲದಾಗೆ ಎರಡು ದಿನ ತರುಬಿ ಮಲಗಿಸಪ್ಪ. ಮಲಗಿದ್ರೆ ಎಷ್ಟು ಗುಂಟೆ ತುಂಬ್ತಾವೆ?"

"ನಾಕು ಗುಂಟೆ ಒತ್ತಿ ಮಲಗ್ತಾವೆ ಕಣಮ್ಮ," ಅಂದ ಕರಿಯಣ್ಣ ಎದೆ ಉಬ್ಬಿಸಿ, ಬಯಲಿಗೆಲ್ಲ ಕೇಳುವಂತೆ. "ಬೇಕಾದ್ರೆ ಅಳ್ಕಂಡು ನೋಡು."

"ನಂದು ಎರಡೂವರೆ," ಅಂದ ಇನ್ನೊಬ್ಬ, ಯಾರೂ ಕೇಳದೆ.

"ಒಂದೂ ಮುಕ್ಕಾಲು. ಆದ್ರೆ ನಮ್ಮವು ದೊಡ್ಡ ಮೈಯವು," ಅಂದ ಮತ್ತೊಬ್ಬ.

ಜುಂಜೇಶ ಕಟ್ಟೆಯಿಂದ ಹಾರಿ ಕರಿಯಣ್ಣನ ಎದುರು ನಿಂತ. "ಮಾವ, ಇದನ್ನ ಎಲ್ಲರ ಮುಂದೆ ಹೇಳಿಬಿಟ್ರಲ್ಲ. ಕಣ್ಣು ತಗಲಲ್ವಾ?"

ಕರಿಯಣ್ಣ ಅವನನ್ನು ದಡ್ಡನನ್ನು ನೋಡುವ ಹಾಗೆ ನೋಡಿದ. "ಗುಂಟೆ ಭೂಮೀದು ಕಣಲೇ. ಕುರೀದಲ್ಲ."

ಅಲ್ಲಿಂದ ಮುಂದಿನದು ಬೇಗ ಬೇಗ ನಡೆಯಿತು. ಜುಂಜೇಶ ಕುಕ್ಕರಗಾಲಲ್ಲಿ ಕೂತು, ಫೋನಿನಲ್ಲೇ, ತಾನು ಮೂರು ದಿನ ಕಟ್ಟಿದ ಪಟ್ಟಿಯನ್ನು ಒಡೆದ. ಕುರಿ ಸಂಖ್ಯೆ ಅನ್ನೋದು ಹೋಯಿತು. ಆ ಜಾಗಕ್ಕೆ 'ಮಲಗಿದರೆ ಎಷ್ಟು ಗುಂಟೆ' ಬಂತು. ಪ್ರದೀಪ್ ಪಕ್ಕದಲ್ಲಿ ಧೂಳಿನಲ್ಲೇ ಕೂತು ಲ್ಯಾಪ್‌ಟಾಪು ತೆರೆದುಕೊಟ್ಟ. ಅದು ಬೇಡ, ಇದು ಕಡಿ, ಅಜ್ಜಂದಿರಿಗೆ ಬಟನ್ನು ದೊಡ್ಡದು ಮಾಡು ಅಂತ ಅವನು ಹೇಳುತ್ತಾ ಹೋದ, ಇವನು ಗೊಣಗುತ್ತಾ ಕಡಿಯುತ್ತಾ ಹೋದ. ಕೆಳಗಿನ ಸಣ್ಣ ಅಕ್ಷರದ ಸಾಲನ್ನು ಜುಂಜೇಶ ತಾನಾಗಿಯೇ ಮೇಲಕ್ಕೆ ತಂದು ಕೆಂಪು ಬಣ್ಣ ಬಳಿದ.

ಒಂದು ಗುಂಟೆಗೆ ಎಷ್ಟು ಕುರಿ ಅನ್ನುವುದೊಂದು ಉಳಿಯಿತು. ಮೇಡಂ ಗಿರಿಯಮ್ಮನ ಹೊಲದಲ್ಲಿ ಹಗ್ಗ ಹಿಡಿಸಿ ಒಂದು ಗುಂಟೆ ಗುರುತು ಮಾಡಿದರು. ಬಿಸಿಲಿಗೆ ತಲೆ ತಗ್ಗಿಸಿ ಒತ್ತೊತ್ತಾಗಿ ನಿಂತಿದ್ದ ಕುರಿಗಳನ್ನು ಅದರೊಳಗೆ ತುಂಬಿಸಿ ಮಲಗಿಸುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಅವರು ಬೆರಳು ಎತ್ತಿ ಎಣಿಸಲು ಶುರುಮಾಡಿದರು. ನಲವತ್ತು ಜನ ಕುರಿಯವರು ಒಟ್ಟಿಗೆ ಬೆನ್ನು ತಿರುಗಿಸಿ, ರಸ್ತೆಯ ಕಡೆ ನೋಡುತ್ತಾ ನಿಂತರು. ಕೆಂಚಕ್ಕ ಕಿವಿಯನ್ನೂ ಮುಚ್ಚಿಕೊಂಡಳು. ಮೇಡಂ ಎಣಿಸಿ ಮುಗಿಸಿ, ಪುಸ್ತಕದಲ್ಲಿ ಬರೆದು, ಪುಸ್ತಕ ಮುಚ್ಚಿ, "ಆಯ್ತು ತಿರುಗಿ," ಅಂದರು. ಎಷ್ಟು ಅಂತ ಯಾರೂ ಕೇಳಲಿಲ್ಲ.

ಬಸ್ಸು ಹೊರಡುವಾಗ ಎರಡು ಗಂಟೆ.

ಶನಿವಾರ ಬಂತು. ಟೋಕನ್ನಿನ ಪ್ರಕಾರ ಒಂದು ಹಟ್ಟಿ ಆದ ಮೇಲೆ ಇನ್ನೊಂದು ಹಟ್ಟಿ ಬಂತು. ಕರಿಯಣ್ಣ ನಾಲ್ಕು ಗುಂಟೆ ಹೊಡೆದುಕೊಂಡು ಬಂದು, ನಾಲ್ಕು ಗುಂಟೆಗೂ ಸೂಜಿ ಹಾಕಿಸಿ, ಹನ್ನೊಂದಕ್ಕೆಲ್ಲ ನೆರಳಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಅವನ ಒಂದು ಮರಿಯೂ ಸತ್ತಿರಲಿಲ್ಲ. ಹನುಮೇಶನ ಮೂರಕ್ಕೂ ಸೂಜಿ ಬಿತ್ತು. ಅದರಲ್ಲಿ ಎರಡು ಬೇರೆ ಥರ ಬ್ಯಾ ಅಂದವು, ಯಾರೂ ಆ ಮಾತು ಎತ್ತಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಕೆಲಸ ಮುಗಿದು, ಐಸ್ ಪೆಟ್ಟಿಗೆಯಲ್ಲಿ ಔಷಧಿ ಉಳಿದಿತ್ತು. ಉಳಿದಿತ್ತು ಅನ್ನುವ ಮಾತು ಆ ಬಯಲಿನಲ್ಲಿ ಕೇಳಿಸಿದ್ದು ಅದೇ ಮೊದಲು.

ಸಭೆ ಅಲ್ಲೇ ಸೇರಿತು. ಠರಾವು ಬರೆಯಬೇಕಿತ್ತು: ಸಂಘ ಯಾವ ಪದ್ಧತಿ ಆರಿಸಿತು, ಲೀನೋ ಪ್ರೊಟೊಟೈಪೋ.

"ಲೀನ್ ಅಂತ ಬರೀರಿ," ಅಂದ ಹನುಮೇಶ, ತಾನು ಕರೆತಂದದ್ದೆಂದು.

"ಅದೆಂಗಾಗ್ತೈತೆ?" ಅಂದ ಕರಿಯಣ್ಣ. "ಸುಳ್ಳು ಪಟ್ಟಿ ನೋಡಿ ನಾವು ಬರದಿದ್ರೆ ಗುಂಟೆ ಎಲ್ಲಿಂದ ಬರ್ತಿತ್ತು? ಪ್ರೊಟೊಟೈಪೇ."

"ಕಡಿದಿದ್ದು ಇಲ್ವಾ ಮತ್ತೆ?" ಅಂದ ಇನ್ನೊಬ್ಬ.

ಅರ್ಧ ಗಂಟೆ ಜಗಳವಾಯಿತು. ಎರಡರ ಅರ್ಥವೂ ಗೊತ್ತಿಲ್ಲದವರು ಎರಡು ಗುಂಪಾಗಿ ಬೆವರು ಸುರಿಸಿದರು. ಕೊನೆಗೆ ಪ್ರದೀಪನೇ ಎದ್ದು, "ಮೊದಲು ತೋರಿಸಿ ಏಟು ತಿಂದೋನು ಅವನು. ನಾನು ಆಮೇಲೆ ಕಡಿದೆ. ಪ್ರೊಟೊಟೈಪ್ ಅಂತ ಬರೀರಿ, ಜುಂಜೇಶನ ಹೆಸರು ಬರೀರಿ," ಅಂದು ಕೂತ. ಶಾಲಿನಿ ಮೇಡಂ ಠರಾವಿಗೆ ರುಜು ಹಾಕಿ ಹನುಮೇಶನ ಕೈಗೆ ಕೊಟ್ಟರು.

ಹನುಮೇಶ ಅದನ್ನು ಓದಿದ. ಮತ್ತೆ ಓದಿದ. ಸೋತದ್ದು ಗೊತ್ತಾಯಿತು, ಆದರೆ ಕೈಯಲ್ಲಿ ಇನ್ನೂ ಮೈಕು ಇತ್ತು. ಸದಸ್ಯರ ರಿಜಿಸ್ಟರು ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದು, ಜೇನಿನಂಥ ಧ್ವನಿಯಲ್ಲಿ ಶುರುಮಾಡಿದ.

"ಎಲ್ಲಾ ಸರಿ. ಒಂದು ಸಣ್ಣ ವಿಷ್ಯ ಉಳಿದೈತೆ. ಯತ್ತಪ್ಪನ ಹೆಸರಿನ ಮುಂದೆ ಕುರಿ ಅನ್ನೋ ಕಡೆ ಇಪ್ಪತ್ತು ವರ್ಷದಿಂದ ಖಾಲಿ. ನಮ್ಮ ಆಪ್ ಮಾಡಿದೋರ ಮನೇದೇ ಖಾಲಿ ಇದ್ರೆ ಚೆನ್ನಾಗಿರಲ್ಲ. ಜುಂಜೇಶಪ್ಪ, ಅವತ್ತು ಕೇಳಿದ್ದೆ, ನೀನು ಹೇಳ್ಲೇ ಇಲ್ಲ. ಎಣಿಸ್ಕಂಡು ಬಂದ್ಯಾ? ನಿಮ್ಮಪ್ಪನ ಕುರಿ ಎಷ್ಟು?"

ಕರಿಯಣ್ಣನ ಬಾಯಿಯ ಎಲೆ ಅಡಿಕೆ ನಿಂತಿತು. ಹಿಂದಿನ ಸಾಲಿನಲ್ಲಿ, ಶ್ರೀರಾಂಪುರದಿಂದ ಮತ್ತೆ ಬಂದಿದ್ದ ಹನುಮಂತಪ್ಪ ಪಂಚೆ ಎತ್ತಿಕೊಂಡು ಅರ್ಧ ಎದ್ದು ನಿಂತ. ಒಂಬೈನೂರ ನಲವತ್ತು ಅಂದರೆ ಸುಳ್ಳು, ನಿಜ ಹೇಳಿದರೆ ಮದುವೆ ಹೋಯಿತು. ಎರಡಕ್ಕೂ ಮೊದಲು ಅಪ್ಪನ ಮರ್ಯಾದೆ ಹೋಯಿತು. ಹನುಮೇಶ ಪೆನ್ನನ್ನು ರಿಜಿಸ್ಟರಿನ ಮೇಲೆ ಇಟ್ಟುಕೊಂಡು, ಮೈಕನ್ನು ಮುಂದಕ್ಕೆ ಚಾಚಿದ.

ಜುಂಜೇಶ ಮೈಕನ್ನು ನೋಡಿದ. ಹನುಮೇಶನನ್ನು ನೋಡಿದ. ಅವನ ಹಿಂದೆ ಕಟ್ಟಿದ್ದ ಆ ಮೂರನ್ನೂ ನೋಡಿದ. ಹನುಮೇಶನಿಗೆ ತಿರುಗಿ ಬೈಯಲು ಹತ್ತು ದಿನದಿಂದ ಮನಸ್ಸಿನಲ್ಲೇ ಅರೆದು ಅರೆದು ಇಟ್ಟುಕೊಂಡಿದ್ದ ಮಾತುಗಳು ನಾಲಿಗೆಯ ತುದಿಗೇ ಬಂದು ನಿಂತಿದ್ದವು. ಅವನ್ನು ನುಂಗಿ, ಫೋನನ್ನು ಜೇಬಿಗೆ ಹಾಕಿಕೊಂಡು, ತಿರುಗಿ, ನಡೆದ.

ಮೂರನೇ ಸಾಲು ದಾಟುವಾಗ ಯತ್ತಪ್ಪ ಕೂತಲ್ಲಿಂದಲೇ ಪಂಚೆಯ ತುದಿಯ ಗಂಟು ಬಿಚ್ಚಿ, ಅಂಗಡಿಯ ಬೀಗದ ಕೈಯನ್ನು ಮುಂದೆ ಹಿಡಿದ. ಜುಂಜೇಶ ನಿಲ್ಲದೆ ಅದನ್ನು ತಗೊಂಡ.

ಹಿಂದೆ ಹನುಮಂತಪ್ಪ ಪಕ್ಕದವನಿಗೆ ಪಿಸುಗುಟ್ಟಿದ್ದು ಕೇಳಿಸಿತು. "ನೋಡಿದ್ಯಾ, ಬಾಯಿ ಬಿಡಲಿಲ್ಲ. ಸಾವಿರ ದಾಟ್ಯಾವೆ."

ರಸ್ತೆಯ ತುಂಬ ಮನೆ ಕಡೆ ಹೊರಟ ಕುರಿಗಳಿದ್ದವು. ಜುಂಜೇಶ ನಡುವೆ ಇಳಿದ. ಅವು ಒಂದೊಂದಾಗಿ ಸರಿದು ಅವನಿಗೆ ದಾರಿ ಬಿಟ್ಟವು. ಎಷ್ಟು ಬಿಟ್ಟವು ಅಂತ ಅವನು ನೋಡಲಿಲ್ಲ.